ಹಬ್ಬದ ಬಟ್ಟೆಗೆ ಹನ್ನೆರಡು ತಿಂಗಳ ಗಂಟು

ಡಿಸೆಂಬರ್ ತಿಂಗಳಲ್ಲಿ ಹರಿಹರದಿಂದ ಶಿವಮೊಗ್ಗದತ್ತ ಹೊರಟ ಬಸ್ಸು ಮಲೆಬೆನ್ನೂರು ಸಮೀಪಿಸಿದಂತೆ ವೇಗ ತಗ್ಗಿಸಬೇಕಾಗುತ್ತದೆ. ರಸ್ತೆಯ ಅಂಚಿನುದ್ದಕ್ಕೂ ಭತ್ತ ಹರವಿರುತ್ತಾರೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಮಳೆಗಾಲದ ಬೆಳೆ ಕೊಯ್ಲಾಗಿ, ಒಣಗಿ, ಅಕ್ಕಿ ಗಿರಣಿಯ ದಾರಿ ಹಿಡಿಯುವ ಕಾಲವದು. ವರ್ಷದಲ್ಲಿ ಎರಡು ಬಾರಿ ಮಾತ್ರ ಕೈಗೆ ಇಡಿಗಂಟು ಬರುವ ಈ ಸೀಮೆಯಲ್ಲಿ ಮೊದಲನೆಯ ಗಂಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಕ್ರಿಸ್‌ಮಸ್ ಬರುತ್ತದೆ.

ಹರಿಹರ ತಾಲ್ಲೂಕಿನಲ್ಲಿ ಕ್ರೈಸ್ತ ಕುಟುಂಬಗಳು ಹೆಚ್ಚಿಲ್ಲ. ಆದರೆ ಹರಿಹರದ ಆರೋಗ್ಯಮಾತೆಯ ಚರ್ಚ್ ಹೆಸರಾದದ್ದು. ಈಗ ಬೆಸಿಲಿಕಾ ಎನಿಸಿಕೊಂಡಿರುವ ಈ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬದಂದು ಎಲ್ಲ ಜಾತಿ ಮತದವರೂ ನಡೆದು ಬರುತ್ತಾರೆ. ಅಲ್ಲಿ ಮೇಣದ ಬತ್ತಿ ಹಚ್ಚಿ ಹೋದ ಮನೆಗಳಲ್ಲಿ ಕೆಲವು ಡಿಸೆಂಬರ್ ಬಂದಾಗ ಒಂದು ಲೆಕ್ಕ ಹಾಕಲು ಕುಳಿತುಕೊಳ್ಳುತ್ತವೆ: ಇರುವಷ್ಟು ದುಡ್ಡಿನಲ್ಲಿ ಯಾರಿಗೆ ಏನು ತರುವುದು? ಹಿಂದೂಗಳ ಮನೆಯಲ್ಲಿ ದೀಪಾವಳಿಗೆ, ಮುಸ್ಲಿಮರ ಮನೆಯಲ್ಲಿ ರಂಜಾನ್‌ಗೆ ಕೇಳಿಬರುವ ಲೆಕ್ಕವೂ ಇದೇ. ವ್ಯತ್ಯಾಸವಿರುವುದು ಪಂಚಾಂಗದಲ್ಲಿ, ಮತ್ತು ಈ ವ್ಯತ್ಯಾಸ ಚಿಕ್ಕದಲ್ಲ.

ರೈತನಿಗೆ ಡಿಸೆಂಬರ್ 25 ಸುಗ್ಗಿಯ ದಿನವಿರಬಹುದು. ತಿಂಗಳ ಸಂಬಳದವನಿಗೆ ಅದು ತಿಂಗಳ ಕೊನೆ. ಒಂದನೇ ತಾರೀಖಿಗೆ ಬಂದ ಹಣ ಬಾಡಿಗೆ, ಕಿರಾಣಿ, ಶಾಲೆಯ ಫೀಸು ಎಂದು ಕರಗಿ ಕಿಸೆ ತೀರ ಹಗುರಾದ ವಾರದಲ್ಲೇ ಹಬ್ಬ ಬಂದು ನಿಲ್ಲುತ್ತದೆ. ದೀಪಾವಳಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಅತ್ತಿತ್ತ ಜರುಗುತ್ತದೆ. ಶುದ್ಧ ಚಾಂದ್ರಮಾನದ ಈದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2000ರಲ್ಲಂತೂ ಜನವರಿ ಎರಡನೆಯ ವಾರದಲ್ಲೊಮ್ಮೆ, ಡಿಸೆಂಬರ್ ಕೊನೆಯ ವಾರದಲ್ಲೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಈದ್ ಬಂದವು. ಮನೆಮಂದಿಗೆಲ್ಲ ಎರಡೆರಡು ಬಾರಿ ಬಟ್ಟೆ ಕೊಳ್ಳಬೇಕಾದ ಯಜಮಾನರ ಪಾಡು ಊಹಿಸಬಹುದು.

ಹಬ್ಬಕ್ಕೆ ಬಟ್ಟೆಯೇ ಏಕೆ? ಉಡುಗೊರೆ ಎಂಬ ಮಾತಿನೊಳಗೇ ಉಡುಗೆ ಕುಳಿತಿದೆ. ನಮ್ಮಲ್ಲಿ ಪ್ರೀತಿ, ಗೌರವ, ಋಣ ಎಲ್ಲವನ್ನೂ ತೋರಿಸುವ ವಸ್ತು ಬಟ್ಟೆಯೇ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನದಲ್ಲಿ ಕುಪ್ಪಸದ ಕಣ ಇರಲೇಬೇಕು. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವಂತಿಲ್ಲ. ಪ್ರತಿಯೊಬ್ಬರ ಹೆಸರಿಗೂ ಬಣ್ಣದ ಕಾಗದದಲ್ಲಿ ಸುತ್ತಿದ ಪೊಟ್ಟಣ ಎಂಬ ಪದ್ಧತಿ ಕ್ರಿಸ್‌ಮಸ್‌ಗೆ ಅಂಟಿಕೊಂಡದ್ದು ಯೂರೋಪ್ ಅಮೆರಿಕಗಳಲ್ಲೂ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನಲ್ಲಿ ಅದಕ್ಕೂ ಹಿಂದೆ ಕಾಣಿಕೆಯ ದಿನವೆಂದರೆ ಹೊಸ ವರ್ಷವಾಗಿತ್ತು. ಬಯಲುಸೀಮೆಯ ಕ್ರೈಸ್ತರ ಮನೆಗೆ ಆ ಪೊಟ್ಟಣ ತಡವಾಗಿ ಬಂತು. ಅಲ್ಲಿ ಕ್ರಿಸ್‌ಮಸ್ ಉಡುಗೊರೆ ಎಂದರೆ ನಡುರಾತ್ರಿಯ ಪೂಜೆಗೆ ತೊಟ್ಟುಕೊಂಡು ಹೋಗುವ ಹೊಸ ಬಟ್ಟೆಯೇ.

ಈ ಬಟ್ಟೆಯನ್ನು ಒಂದು ದಿನದ ದುಡ್ಡಿನಿಂದ ಕೊಂಡವರು ಕಡಿಮೆ. ಅದನ್ನು ಕೊಂಡದ್ದು ಇಡೀ ವರ್ಷ ಕಟ್ಟಿದ ಗಂಟಿನಿಂದ. ಆ ಗಂಟು ಕಟ್ಟಲು ಜನ ಹುಡುಕಿಕೊಂಡ ಉಪಾಯಗಳು ಹಲವು.

ಅತ್ಯಂತ ಹಳೆಯದು ಸುಗ್ಗಿಯ ಉದ್ರಿ. ಅಂಗಡಿಯವನು ಹಬ್ಬಕ್ಕೆ ಬಟ್ಟೆ ಹರಿದು ಕೊಡುತ್ತಾನೆ, ಭತ್ತ ಮಾರಿದ ಮೇಲೆ ಲೆಕ್ಕ ಚುಕ್ತಾ. ದರ ಅವನು ಹೇಳಿದ್ದೇ. ಚೌಕಾಸಿಗೆ ನಗದು ಇರಬೇಕು, ಉದ್ರಿಯವನಿಗೆ ಬಾಯಿ ಎಲ್ಲಿಯದು? ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟೆ 1960ರ ದಶಕದಲ್ಲಿ ಪೂರ್ಣಗೊಂಡು, ಅದರ ಬಲದಂಡೆ ನಾಲೆಯಿಂದ ಮಲೆಬೆನ್ನೂರು ಶಾಖಾ ನಾಲೆಗೆ ನೀರು ಹರಿದ ಮೇಲೆ ವರ್ಷಕ್ಕೆ ಎರಡು ಭತ್ತದ ಬೆಳೆ ಎಂಬುದು ರೂಢಿಯಾಯಿತು. ಉದ್ರಿಯ ಅವಧಿಯೂ ತುಸು ಕುಗ್ಗಿತು. ಆದರೆ ನಾಲೆಯ ಕೊನೆ ಭಾಗದವರ ಕಷ್ಟ ಹಾಗೇ ಉಳಿಯಿತು. ಮೇಲಿನವರು ಕಟ್ಟಿಕೊಂಡ ನೀರು ಕೆಳಗೆ ಬರದಿದ್ದರೆ ಡಿಸೆಂಬರಿನಲ್ಲಿ ಗಂಟೂ ಇಲ್ಲ. ಬರದ ವರ್ಷವಾದ 2023ರ ಸೆಪ್ಟೆಂಬರಿನಲ್ಲಿ ನಾಲೆಗೆ ಬಿಡುವು ಕೊಡದೆ ನೀರು ಹರಿಸಿ ಎಂದು ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ಹೊರಗಿನವರಿಗೆ ಅದು ನೀರಾವರಿಯ ಸುದ್ದಿ. ಹಬ್ಬದ ಪಟ್ಟಿ ಬರೆಯುವ ಮನೆಗಳಿಗೆ ಅದು ಬಟ್ಟೆಯ ಸುದ್ದಿಯೂ ಆಗಿತ್ತು.

ದುಡ್ಡಿದ್ದರೂ ಬಟ್ಟೆ ಸಿಗದ ಕಾಲವೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಿರಣಿಗಳ ಬಟ್ಟೆ ಸೈನ್ಯದ ಪಾಲಾಗಿ ಬೆಲೆ ಏರಿದಾಗ ಸರ್ಕಾರ 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ತಂದಿತು. ತಲೆಗೆ ಇಷ್ಟು ಗಜ ಎಂದು ಅಳೆದು ಕೊಡುವ ಕಾಲವದು. ಸ್ವಾತಂತ್ರ್ಯಾನಂತರ 1976ರಲ್ಲಿ ಬಂದ ಜನತಾ ಬಟ್ಟೆ ಯೋಜನೆ ಕೈಮಗ್ಗದವರಿಗೆ ಕೆಲಸವನ್ನೂ ಬಡವರಿಗೆ ಅಗ್ಗದ ಸೀರೆ ಪಂಚೆಗಳನ್ನೂ ಒಟ್ಟಿಗೇ ಕೊಡಹೊರಟಿತು. ಜನತಾ ಸೀರೆ ಎಂಬ ಹೆಸರು ಹಳ್ಳಿಗಳಲ್ಲಿ ಇಂದಿಗೂ ಪೂರ್ತಿ ಮರೆತುಹೋಗಿಲ್ಲ. ಆದರೂ ಹಬ್ಬದಂದು ಅದನ್ನು ಉಡಲು ಮನಸ್ಸು ಒಪ್ಪುತ್ತಿರಲಿಲ್ಲ. ಅಗ್ಗದ್ದು ಎಂದು ನೋಡಿದವರಿಗೆ ಗೊತ್ತಾಗಿಬಿಡುವ ವಸ್ತು ಉಡುಗೊರೆಯಾಗುವುದು ಕಷ್ಟ.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದದ್ದು ಅದರ ಹತ್ತಿ ಗಿರಣಿಗಳಿಂದ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಾದ್ಯಂತ ಹೆಸರಾಯಿತು. ಗಿರಣಿಯೂ ಕಾರ್ಖಾನೆಯೂ ಹಬ್ಬಕ್ಕೆ ಹೊಸದೊಂದು ಗಂಟು ತಂದವು: ಬೋನಸ್. ಅದು ಧಣಿಯ ಕೃಪೆಯಾಗಿದ್ದ ಕಾಲ ಮುಗಿದದ್ದು 1965ರ ಬೋನಸ್ ಪಾವತಿ ಕಾಯ್ದೆಯಿಂದ. ಮೊದಲು ಶೇ 4 ಇದ್ದ ಕನಿಷ್ಠ ಬೋನಸ್ 1970ರ ದಶಕದಲ್ಲಿ ಶೇ 8.33ಕ್ಕೆ ಏರಿತು. ಈ ಸಂಖ್ಯೆ ವಿಚಿತ್ರವಾಗಿ ಕಂಡರೂ ಅರ್ಥ ಸರಳ. ನೂರನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಇದೇ. ಅಂದರೆ ಹದಿಮೂರನೆಯ ತಿಂಗಳ ಸಂಬಳ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂಬುದು ನಿಯಮ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ನವೆಂಬರ್ 30 ಗಡುವು, ದೀಪಾವಳಿ ಅದರೊಳಗೇ ಬಂದುಬಿಡುತ್ತದೆ. ಕಾಯ್ದೆಯ ಮಾತಿನಲ್ಲೇ ‘ಪೂಜಾ ಬೋನಸ್’ ಎಂಬ ಶಬ್ದವಿತ್ತು. ಈಗ ಈ ನಿಯಮಗಳು 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೊಳಗೆ ಸೇರಿವೆ.

ಕ್ರೈಸ್ತ ಕಾರ್ಮಿಕನಿಗೆ ದೀಪಾವಳಿಯ ಹೊತ್ತಿಗೆ ಬಂದ ಬೋನಸ್ಸನ್ನು ಡಿಸೆಂಬರ್ ತನಕ ಕಾಯ್ದಿಡುವುದೇ ಒಂದು ವ್ರತ. ನೆರೆಮನೆಯ ಮಕ್ಕಳು ಪಟಾಕಿ ಹಚ್ಚುವಾಗ ತನ್ನ ಮಕ್ಕಳಿಗೂ ನಾಲ್ಕು ಕೊಡಿಸದೆ ಇರಲು ಯಾವ ತಂದೆಗೆ ಸಾಧ್ಯ? ಆದರೂ ಹದಿಮೂರನೆಯ ಸಂಬಳ ಇದ್ದಷ್ಟು ಕಾಲ ಪಟ್ಟಿ ಬರೆಯಲು ಧೈರ್ಯವಿತ್ತು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತವು. ಮೈಸೂರು ಕಿರ್ಲೋಸ್ಕರ್ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಕೆಲಸ ಹೋದದ್ದನ್ನು ಎಲ್ಲರೂ ಬರೆದರು. ಅದರೊಡನೆ ಊರಿನ ಬಟ್ಟೆ ಅಂಗಡಿ, ದರ್ಜಿ, ಚಪ್ಪಲಿ ಅಂಗಡಿ, ಬೇಕರಿಗಳು ಕಾದು ಕುಳಿತಿರುತ್ತಿದ್ದ ಹಬ್ಬದ ಗಂಟೂ ಹೋಯಿತು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ.

ಸರ್ಕಾರಿ ನೌಕರರದು ಬೇರೆ ದಾರಿ. ಹಬ್ಬದ ಮುಂಗಡ ಎಂಬ ಬಡ್ಡಿಯಿಲ್ಲದ ಸಾಲ ಪಡೆದು ಕಂತಿನಲ್ಲಿ ತೀರಿಸುವ ಸೌಲಭ್ಯ ಅವರಿಗಿತ್ತು. ಕೇಂದ್ರ ಸರ್ಕಾರ ಅದನ್ನು ಏಳನೆಯ ವೇತನ ಆಯೋಗದ ಬಳಿಕ ಕೈಬಿಟ್ಟು, ಕೊರೋನಾ ವರ್ಷವಾದ 2020ರ ಅಕ್ಟೋಬರಿನಲ್ಲಿ ಒಂದು ಬಾರಿಗೆಂದು ಮರಳಿ ತಂದಿತು. ತಲಾ 10,000 ರೂಪಾಯಿ, ಹತ್ತು ಕಂತಿನಲ್ಲಿ ವಾಪಸು. ಜನರಿಗಿಂತ ಮಾರುಕಟ್ಟೆಗೆ ಆಗ ಆ ಮುಂಗಡ ಬೇಕಾಗಿತ್ತು.

ಸಂಬಳದ ಚೀಟಿ ಇಲ್ಲದವರಿಗೆ ಉಳಿದದ್ದು ಇನ್ನೊಂದು ಬಗೆಯ ಚೀಟಿ. ಇಪ್ಪತ್ತು ಮಂದಿ ತಿಂಗಳಿಗೆ 500 ರೂಪಾಯಿಯಂತೆ ಹಾಕಿದರೆ ತಿಂಗಳಿಗೆ 10,000 ಕೂಡುತ್ತದೆ. ತುರ್ತು ಇರುವವರು ಕೂಗಿ ಹಿಡಿಯುತ್ತಾರೆ. ಹಬ್ಬದ ಅವಸರಕ್ಕೆ 8,500ಕ್ಕೆ ಎತ್ತಿದವರು ಬಿಟ್ಟುಕೊಟ್ಟ 1,500 ಎಲ್ಲರಿಗೂ 75ರಂತೆ ಹಂಚಿಹೋಗುತ್ತದೆ. ಕಾದವರಿಗೆ ಲಾಭ, ಅವಸರದವರಿಗೆ ನಷ್ಟ; ಹಬ್ಬದ ತಿಂಗಳಲ್ಲಿ ಕೂಗು ಯಾವಾಗಲೂ ಜೋರು. ಇದರ ತಮ್ಮನೇ ಹಬ್ಬದ ಚೀಟಿ. ವರ್ಷವಿಡೀ ವಾರಕ್ಕೋ ತಿಂಗಳಿಗೋ ಇಷ್ಟು ಕಟ್ಟಿದರೆ ಹಬ್ಬಕ್ಕೆ ಮುಂಚೆ ಎಣ್ಣೆ, ಸಕ್ಕರೆ, ಪಟಾಕಿ, ಪಾತ್ರೆ, ಕೆಲವೆಡೆ ಬಟ್ಟೆಯೂ ಮನೆಗೆ ಬರುತ್ತದೆ. ಕೈಯಲ್ಲಿದ್ದರೆ ಖರ್ಚಾಗುವ ದುಡ್ಡು ಬೇರೆಯವರ ಕೈಯಲ್ಲಿ ಸುರಕ್ಷಿತ ಎಂಬ ನಂಬಿಕೆ ಇದರ ಬುಡ.

ಇದು ನಮ್ಮದೇ ಆವಿಷ್ಕಾರ ಎಂದುಕೊಳ್ಳಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಪಾನಗೃಹಗಳಲ್ಲಿ ಕೂಲಿಕಾರರು ವಾರಕ್ಕೆ ಕೆಲವು ಪೆನ್ನಿ ಕಟ್ಟಿ ಕ್ರಿಸ್‌ಮಸ್‌ಗೆ ಒಂದು ಬಾತುಕೋಳಿ ಪಡೆಯುವ ಕ್ಲಬ್ಬುಗಳಿದ್ದವು. ಷರ್ಲಾಕ್ ಹೋಮ್ಸನ ಒಂದು ಕತೆಯ ಗಂಟು ಬಿಚ್ಚುವುದೇ ಇಂಥ ಕ್ಲಬ್ಬಿನ ಜಾಡು ಹಿಡಿದು. ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ಲೈಲ್ ಪಟ್ಟಣದ ಬ್ಯಾಂಕೊಂದು 1909ರಲ್ಲಿ ‘ಕ್ರಿಸ್‌ಮಸ್ ಕ್ಲಬ್’ ಎಂಬ ಉಳಿತಾಯ ಖಾತೆಯನ್ನೇ ತೆರೆಯಿತು. ಮುರಿದುಬಿದ್ದ ಕತೆಯೂ ಅಲ್ಲಿ ಉಂಟು. ಬ್ರಿಟನ್ನಿನಲ್ಲಿ ಫೇರ್‌ಪ್ಯಾಕ್ ಎಂಬ ಕ್ರಿಸ್‌ಮಸ್ ಉಳಿತಾಯದ ಕಂಪನಿ 2006ರ ಅಕ್ಟೋಬರಿನಲ್ಲಿ ಕುಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಕಡಿಮೆ ಆದಾಯದವರು, ವರ್ಷವಿಡೀ ಕಟ್ಟಿದ್ದನ್ನು ಹಬ್ಬಕ್ಕೆ ಎರಡು ತಿಂಗಳಿರುವಾಗ ಕಳೆದುಕೊಂಡರು.

ನಮ್ಮಲ್ಲಿ 1982ರ ಚಿಟ್ ಫಂಡ್ ಕಾಯ್ದೆ ಇದೆ, 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಇದೆ, ಸರ್ಕಾರದ ಎಂಎಸ್‌ಐಎಲ್ ನಡೆಸುವ ಚಿಟ್ ಇದೆ. ಆದರೆ ಓಣಿಯ ಚೀಟಿಗೆ ಕಾಗದವಿಲ್ಲ. ನಡೆಸುವವರು ಊರು ಬಿಟ್ಟರೆ ತೋರಿಸಲು ಕೈಯಲ್ಲಿರುವುದು ಒಂದು ಸಣ್ಣ ನೋಟ್‌ಬುಕ್ ಮಾತ್ರ. ಚೀಟಿಯೂ ಇಲ್ಲದವರು ಮೊರೆಹೋದದ್ದು ಸಾಲಕ್ಕೆ. 2000-01ರಲ್ಲಿ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು ಹೆಂಗಸರಿಗೆ ಸ್ವಂತ ಉಳಿತಾಯದಿಂದಲೇ ಸಾಲ ಕೊಡುವುದನ್ನು ಕಲಿಸಿದವು. ಅದೇ ದಾರಿಯಲ್ಲಿ ಹಿಂದೆಯೇ ಬಂದವು ಖಾಸಗಿ ಕಿರುಸಾಲಗಳು. ವಸೂಲಿಯ ಕಿರುಕುಳ ಆತ್ಮಹತ್ಯೆಗಳವರೆಗೆ ಮುಟ್ಟಿದಾಗ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ಸಾಲಗಳೆಲ್ಲ ಹಬ್ಬಕ್ಕಲ್ಲ, ನಿಜ. ಆದರೆ ಕಂತು ಕಟ್ಟುವ ವಾರವೂ ಹಬ್ಬದ ವಾರವೂ ಒಂದೇ ಆದಾಗ ಯಾವುದು ಸೋಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಸಿನ ಬದಲು ಕೈಯ ದುಡಿಮೆಯನ್ನೇ ಉಡುಗೊರೆ ಮಾಡುವ ದಾರಿಯೊಂದು ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿದೆ. ಕ್ರಿಸ್‌ಮಸ್‌ಗೆ ಮುಂಚೆ ಮನೆಮಂದಿಯೆಲ್ಲ ಕುಳಿತು ಮಾಡುವ ಕುಸ್ವಾರ್ ಅದು. ನೆವ್ರಿ, ಕಿಡಿಯೊ, ಗುಳಿಯೊ ಮುಂತಾದ ತಿಂಡಿಗಳಿಗೆ ಬೇಕಾದದ್ದು ಹಿಟ್ಟು, ತೆಂಗು, ಬೆಲ್ಲ, ಸಕ್ಕರೆ ಮತ್ತು ಅನೇಕ ಕೈಗಳು. ತಟ್ಟೆ ತುಂಬಿ ನೆರೆಮನೆಗೆ ಕಳಿಸಿದರೆ ಆಯಿತು, ಬೆಲೆ ಚೀಟಿ ಅಂಟಿಸಿರದ ಉಡುಗೊರೆ. ದಾವಣಗೆರೆ ಸೀಮೆಯವರಿಗೆ ಇದು ಹೊಸದೆನಿಸಲಾರದು. ದೀಪಾವಳಿಯ ಕರ್ಜಿಕಾಯಿ ನೆವ್ರಿಯ ಖಾಸಾ ಅಕ್ಕ.

ಬಯಲುಸೀಮೆಯ ಮಿತವ್ಯಯವೆಲ್ಲ ಇದ್ದದ್ದು ದರ್ಜಿಯ ಕತ್ತರಿಯಲ್ಲಿ. ಸಿದ್ಧ ಉಡುಪು ಬರುವ ಮುಂಚೆ ಒಂದೇ ಥಾನಿನಿಂದ ಬಟ್ಟೆ ಹರಿಸಿ ಅಣ್ಣತಮ್ಮಂದಿರಿಗೆಲ್ಲ ಅಂಗಿ, ಅಕ್ಕತಂಗಿಯರಿಗೆಲ್ಲ ಲಂಗ. ಬ್ಯಾಂಡ್ ಸೆಟ್ಟಿನವರಂತೆ ಕಾಣುತ್ತೇವೆಂದು ಮಕ್ಕಳು ಅತ್ತರೂ ಅಗಲದ ಬಟ್ಟೆಯಲ್ಲಿ ತುಂಡು ಪೋಲಾಗುತ್ತಿರಲಿಲ್ಲ. ಬೆಳೆಯುವ ಮಕ್ಕಳೆಂದು ಅಳತೆಗಿಂತ ಎರಡು ಬೆರಳು ದೊಡ್ಡದು, ತುದಿಯಲ್ಲಿ ಬಿಚ್ಚಬಹುದಾದ ಮಡಿಕೆ. ದೊಡ್ಡವನ ಅಂಗಿ ಮುಂದಿನ ಹಬ್ಬಕ್ಕೆ ಚಿಕ್ಕವನಿಗೆ. ಪಟ್ಟಿಯ ಕೊನೆಯ ಹೆಸರು ತಾಯಿಯದು; ಹಣ ಸಾಲದೆ ಬಂದಾಗ ಮೊದಲು ಹೊಡೆದುಹಾಕುತ್ತಿದ್ದುದೂ ಅದನ್ನೇ. ಹಾಗೆ ಹೊಡೆದುಹಾಕುತ್ತಿದ್ದುದು ಸಾಮಾನ್ಯವಾಗಿ ಅವಳೇ.

ಅವಳ ಕೈಗೆ ಈಚೆಗೆ ಎರಡು ಹೊಸ ಅನುಕೂಲಗಳು ಬಂದಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದೇ ಆಗಸ್ಟಿನಲ್ಲಿ ಬಂದ ಗೃಹಲಕ್ಷ್ಮಿಯಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಕಂತು ತಡವಾದ ತಿಂಗಳುಗಳೂ ಉಂಟೆನ್ನಿ. ಮಲೆಬೆನ್ನೂರಿನ ಹೆಂಗಸು ಊರಿನ ಅಂಗಡಿಯ ದರ ಕೇಳಿ, ಹರಿಹರದಲ್ಲಿ ಇಳಿದು ನೋಡಿ, ಅಲ್ಲೂ ಒಗ್ಗದಿದ್ದರೆ ದಾವಣಗೆರೆಯ ಮಂಡಿಪೇಟೆ ಚೌಕಿಪೇಟೆಗಳನ್ನು ಸುತ್ತಿ, ಏನನ್ನೂ ಕೊಳ್ಳದೆ ಮರಳಿ ನಾಳೆ ಮತ್ತೆ ಹೋಗಬಹುದು. ಹಿಂದೆ ಬಸ್ ಚಾರ್ಜೇ ಒಂದು ಮಗುವಿನ ಚಡ್ಡಿಯ ಬೆಲೆಯನ್ನು ನುಂಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5ಕ್ಕೆ ನಿಂತಿದೆ. ಆದರೆ ಪಟ್ಟಿ ಬರೆದು ಕೊಳ್ಳುವ ಮನೆಗೆ 1,000 ರೂಪಾಯಿಯ ಒಳಗಿನ ಅಂಗಿಯೇ ಗುರಿ, ಅದಕ್ಕೆ ಮೊದಲೂ ಶೇ 5 ಇತ್ತು.

ಪಂಚಾಂಗದ ಲೆಕ್ಕ ನೋಡಿದರೆ 2033ರಲ್ಲಿ ಮತ್ತೆ ಒಂದೇ ವರ್ಷಕ್ಕೆ ಎರಡು ಈದ್. ಒಂದು ಜನವರಿ ಆರಂಭದಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ನ ಮಗ್ಗುಲಿಗೇ. ಆ ವಾರ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲೂ ಮುಗಿದಿರುತ್ತದೆ. ಹರಿಹರ ತಾಲ್ಲೂಕಿನಲ್ಲಿ ಅಷ್ಟು ಹೊತ್ತಿಗೆ ಹೊಲಿಗೆ ಯಂತ್ರ ಉಳಿಸಿಕೊಂಡ ದರ್ಜಿಗಳಿದ್ದರೆ ಅವರು ನವೆಂಬರಿನಲ್ಲೇ ಅಳತೆ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾದೀತು.