ಇಂಗ್ಲಿಷಿನ ‘ಏಗ್ಯೂ’ ಶಬ್ದವೂ ಘಟ್ಟದ ಮೇಲಿನ ಚಳಿಜ್ವರವೂ

ಒಂದು ಭಾಷೆಯ ಶಬ್ದಕ್ಕೆ ಮತ್ತೊಂದು ಭಾಷೆಯಲ್ಲಿ ಪರ್ಯಾಯವನ್ನು ಹುಡುಕುವವರು ಸಾಮಾನ್ಯವಾಗಿ ಅದರ ಅರ್ಥವನ್ನು ಮಾತ್ರ ವಿಚಾರಿಸುತ್ತಾರೆ. ಅದರ ಚರಿತ್ರೆಯನ್ನು ವಿಚಾರಿಸುವುದು ವಿರಳ. ರೋಗಗಳ ಹೆಸರುಗಳ ವಿಷಯದಲ್ಲಿ ಈ ಉಪೇಕ್ಷೆಯಿಂದಾಗುವ ಹಾನಿಯು ಭಾಷೆಯಲ್ಲಿಯೇ ನಿಲ್ಲುವುದಿಲ್ಲ. ನಡುಕವನ್ನು ಸೂಚಿಸುವ ‘ಏಗ್ಯೂ’ ಎಂಬ ಇಂಗ್ಲಿಷ್ ಶಬ್ದವೂ ಅದಕ್ಕೆ ಕನ್ನಡದಲ್ಲಿ ಸಲ್ಲುವ ‘ಚಳಿಜ್ವರ’ವೂ ಇದಕ್ಕೆ ತಕ್ಕ ನಿದರ್ಶನಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ಜ್ವರವು ತಲೆಮಾರುಗಳ ಕಾಲ ಮನೆಮನೆಯ ಅನುಭವವಾಗಿದ್ದುದರಿಂದ, ಈ ಶಬ್ದವಿಚಾರವನ್ನು ಆ ಸೀಮೆಯ ಚರಿತ್ರೆಯೊಡನೆ ಸೇರಿಸಿ ನೋಡುವುದು ಯುಕ್ತ.

ಮೊದಲು ಇಂಗ್ಲಿಷ್ ಶಬ್ದವನ್ನು ತೆಗೆದುಕೊಳ್ಳಬಹುದು. ‘ಏಗ್ಯೂ’ವಿನ ಮೂಲದಲ್ಲಿ ನಡುಕದ ಅರ್ಥವೇ ಇಲ್ಲ. ಲ್ಯಾಟಿನಿನಲ್ಲಿ ‘ತೀಕ್ಷ್ಣಜ್ವರ’ ಎಂಬರ್ಥದ ‘ಫೆಬ್ರಿಸ್ ಅಕ್ಯೂಟ’ ಎಂಬ ಎರಡು ಪದಗಳಲ್ಲಿ ಜ್ವರವಾಚಕವು ಬಿದ್ದುಹೋಗಿ, ‘ತೀಕ್ಷ್ಣ’ ಎಂಬ ವಿಶೇಷಣವು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಈ ಶಬ್ದಕ್ಕೆ ಉರಿಯನ್ನು ಹೇಳುವ ವಿಶೇಷಣವು ಸೇರಿರುವುದು ಗಮನಾರ್ಹ. ಕಾಲಕ್ರಮದಲ್ಲಿ ಅದು ದಿನಗಳ ಅಂತರದಿಂದ ಮರುಕಳಿಸುವ ಜ್ವರಕ್ಕೂ, ಕೊನೆಗೆ ಆ ಜ್ವರದ ಆದಿಯಲ್ಲಿ ತೋರುವ ನಡುಕಕ್ಕೂ ಸಂದಿತು. ಈ ಜ್ವರದ ಸರದಿಯಲ್ಲಿ ಚಳಿ, ಉರಿ, ಬೆವರು ಎಂಬ ಮೂರು ಅವಸ್ಥೆಗಳುಂಟು. ಮೊದಲನೆಯ ಅವಸ್ಥೆಯೇ ಇಡೀ ರೋಗದ ಗುರುತಾಯಿತು.

ಇನ್ನು ಕನ್ನಡದ ಕಡೆಗೆ ಬಂದರೆ, ಇಲ್ಲಿ ನಡುಕದ ಶಬ್ದಗಳಿಗೆ ಬಡತನವಿಲ್ಲ. ಹಳಗನ್ನಡದ ‘ನಡುಂಗು’ ಎಂಬುದು ಅನುಸ್ವಾರವನ್ನು ಕಳೆದುಕೊಂಡು ‘ನಡುಗು’ ಆಯಿತು. ತಮಿಳಿನಲ್ಲಿ ಆ ಅನುನಾಸಿಕವು ಇಂದಿಗೂ ಉಳಿದಿದೆ. ನಡುಗುವುದು ಭಯದಿಂದಲೂ ಆಗಬಹುದು, ಚಳಿಯಿಂದಲೂ ಆಗಬಹುದು. ತುಟಿ, ರೆಪ್ಪೆಗಳಿಗೆ ‘ಅದುರು’ ಎಂಬುದು ಹೆಚ್ಚು ಒಪ್ಪುತ್ತದೆ. ಭೂಮಿಗೆ ಸಂಸ್ಕೃತದ ‘ಕಂಪ’ವು ಸಲ್ಲುತ್ತದೆ. ‘ವೇಪಥು’ವಿನ ಪ್ರಯೋಗವು ಇನ್ನೂ ಸ್ವಾರಸ್ಯವಾದುದು: ಭರತನ ನಾಟ್ಯಶಾಸ್ತ್ರದಲ್ಲಿ ಅದು 8 ಸಾತ್ತ್ವಿಕಭಾವಗಳಲ್ಲಿ ಒಂದು, ಆಯುರ್ವೇದದಲ್ಲಿ ವಾತಜ್ವರದ ಲಕ್ಷಣಗಳಲ್ಲಿ ಒಂದು. ಎರಡೆಡೆಯಲ್ಲಿಯೂ ನಡುಕವು ಒಳಗಿನ ಬೇರೊಂದನ್ನು ಸೂಚಿಸುವ ಚಿಹ್ನೆಯೇ ಹೊರತು ತಾನೇ ಮೂಲವಸ್ತುವಲ್ಲ.

ಆಯುರ್ವೇದಾಚಾರ್ಯರು ಈ ಭೇದವನ್ನು ಮರೆಯದೆ, ಮರುಕಳಿಸುವ ಜ್ವರಗಳನ್ನು ‘ವಿಷಮಜ್ವರ’ವೆಂದು ಕರೆದು ಕಾಲಗಣನೆಯಿಂದ ವಿಂಗಡಿಸಿದರು. ದಿನಕ್ಕೊಮ್ಮೆ ಬರುವುದು ಅನ್ಯೇದ್ಯುಷ್ಕ. ಒಂದು ದಿನ ಬಿಟ್ಟು ಮೂರನೆಯ ದಿನ ಬರುವುದು ತೃತೀಯಕ. ಎರಡು ದಿನ ಬಿಟ್ಟು ನಾಲ್ಕನೆಯ ದಿನ ಬರುವುದು ಚತುರ್ಥಕ. ಯೂರೋಪಿನ ವೈದ್ಯರ ‘ಟರ್ಷಿಯನ್’, ‘ಕ್ವಾರ್ಟನ್’ ಎಂಬ ಹೆಸರುಗಳೂ ಮೂರು, ನಾಲ್ಕು ಎಂಬ ಎಣಿಕೆಯಿಂದಲೇ ಹುಟ್ಟಿದವು. ಆದುದರಿಂದ ‘ಏಗ್ಯೂ’ವಿನ ವೈದ್ಯಕಾರ್ಥಕ್ಕೆ ‘ವಿಷಮಜ್ವರ’ವೇ ಸಮೀಪವಾದುದು, ಜನಸಾಮಾನ್ಯರ ಅರ್ಥಕ್ಕೆ ‘ಚಳಿಜ್ವರ’, ನಡುಕವೆಂಬ ಬರಿಯ ಅರ್ಥಕ್ಕೆ ‘ನಡುಕ’. ಒಂದೇ ಪರ್ಯಾಯವು ಮೂರಕ್ಕೂ ಒಗ್ಗುವುದಿಲ್ಲ.

ಇಂಗ್ಲಿಷ್–ಕನ್ನಡ ನಿಘಂಟುಗಳ ಪರಂಪರೆಯು ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಅವರ 1824ರ ಕೃತಿಯಿಂದ ಬೆಳೆಯಿತು. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಿಘಂಟು ಶಬ್ದವನ್ನು ಕೊಡಬಲ್ಲದು. ಶಬ್ದದ ಭಾರವನ್ನು ಬಲ್ಲವರು ಮಲೆನಾಡಿನವರು. 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡ ಜಿಲ್ಲೆಯಲ್ಲಿ, ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಜ್ವರದ ಸೀಮೆಯೆಂಬ ಹೆಸರು ಅಂಟಿಕೊಂಡಿತ್ತು. ಅಡಕೆಯ ತೋಟಗಳಿಗೆ ಜೀವಾಳವಾದ ಕಣಿವೆಯ ಸಣ್ಣ ಹಳ್ಳಗಳೇ ಜ್ವರಕ್ಕೂ ಆಸರೆಯಾಗಿದ್ದುವೆಂಬುದು ಬಹುಕಾಲ ತಿಳಿದಿರಲಿಲ್ಲ. ದೋಷವೆಲ್ಲವನ್ನೂ ಕಾಡಿನ ಗಾಳಿಯ ಮೇಲೂ ನೀರಿನ ಮೇಲೂ ಹೊರಿಸಲಾಗುತ್ತಿತ್ತು. ‘ಮಲೇರಿಯ’ ಎಂಬ ಇಟಾಲಿಯನ್ ಶಬ್ದದ ಅರ್ಥವೂ ‘ಕೆಟ್ಟ ಗಾಳಿ’ ಎಂದೇ.

1880ರಲ್ಲಿ ಲಾವೆರಾನ್ ರೋಗಿಯ ರಕ್ತದಲ್ಲಿ ಪರೋಪಜೀವಿಯನ್ನು ಕಂಡರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಮೂರು, ನಾಲ್ಕು ದಿನಗಳ ಎಣಿಕೆಯು ಆ ಜೀವಿಯು ರಕ್ತದಲ್ಲಿ ವೃದ್ಧಿಯಾಗುವ ಕಾಲವೇ ಎಂದು ಸಿದ್ಧವಾಯಿತು. ಈ ಜಿಲ್ಲೆಯಲ್ಲಿ ಮುಖ್ಯ ವಾಹಕವು ಮೆಲ್ಲಗೆ ಹರಿಯುವ ತಿಳಿನೀರಿನ ಅಂಚಿನಲ್ಲಿ ಹುಟ್ಟುವ ‘ಅನಾಫಿಲಿಸ್ ಫ್ಲೂವಿಯಾಟಿಲಿಸ್’ ಸೊಳ್ಳೆ. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಮನೆಗಳೊಳಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ನಡೆದು, ಜ್ವರವು ಬಹುಮಟ್ಟಿಗೆ ಇಳಿಯಿತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಅನುಭವವು ಆಧಾರವಾಯಿತು. ವೈದ್ಯಗ್ರಂಥಗಳಲ್ಲಿ ‘ಏಗ್ಯೂ’ ಮರೆಯಾಯಿತು; ಕನ್ನಡವು ‘ಮಲೇರಿಯ’ವನ್ನು ಹಾಗೆಯೇ ಸ್ವೀಕರಿಸಿತು.

ಆದರೆ ನಡುಕವು ಮಾಯವಾಗಲಿಲ್ಲ. 1957ರಲ್ಲಿ ಸಿದ್ದಾಪುರಕ್ಕೆ ಹೊಂದಿದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುವು. ಜನರಿಗೂ ಜ್ವರವು ತಗುಲಿತು. ಮುಂದೆ ಸಿದ್ದಾಪುರದಲ್ಲಿಯೂ ಅದು ಪ್ರಾಣಗಳನ್ನು ಕೊಂಡಿತು. ಈ ಜ್ವರವೂ ಚಳಿಯಿಂದಲೇ ತೊಡಗುತ್ತದೆ; ಆದರೆ ಇದಕ್ಕೆ ಕಾರಣವು ಉಣ್ಣೆಯಿಂದ ಹರಡುವ ವೈರಾಣು. ಇದಕ್ಕೆ ಕ್ವಿನೀನು ಔಷಧವಲ್ಲ. ಚಳಿಯನ್ನು ಮಾತ್ರ ನೋಡಿ ಹೆಸರಿಡುವುದಾದರೆ ಎರಡೂ ‘ಚಳಿಜ್ವರ’ವೇ ಆಗುತ್ತಿದ್ದುವು. ಜನರಾದರೋ ಸತ್ತ ಮಂಗವನ್ನು ಕಂಡು ‘ಮಂಗನ ಕಾಯಿಲೆ’ಯೆಂದರು. ಅದು ಕಾರಣವನ್ನು ಹೇಳುವ ಹೆಸರಲ್ಲವಾದರೂ, ಎಚ್ಚರಿಕೆಯನ್ನು ಹೇಳುವ ಹೆಸರು.

ಹೀಗೆ ‘ಏಗ್ಯೂ’ ತೀಕ್ಷ್ಣತೆಯನ್ನೂ, ‘ಚಳಿಜ್ವರ’ ಶೀತವನ್ನೂ, ‘ವಿಷಮಜ್ವರ’ ಕಾಲವನ್ನೂ, ‘ಮಲೇರಿಯ’ ಗಾಳಿಯನ್ನೂ ಹಿಡಿದು ಹುಟ್ಟಿದ ಹೆಸರುಗಳು. ಇವುಗಳಲ್ಲಿ ಒಂದೂ ಸೊಳ್ಳೆಯನ್ನು ಹೇಳುವುದಿಲ್ಲ. ಹಳೆಯ ಕಾಗದಪತ್ರಗಳಲ್ಲಿಯ ‘ಏಗ್ಯೂ’ವನ್ನು ಕನ್ನಡಿಸುವವರು ಅದನ್ನು ಎಲ್ಲೆಡೆಯಲ್ಲಿಯೂ ‘ಮಲೇರಿಯ’ವೆಂದು ತಿದ್ದಿದರೆ, ಬರೆದವರಿಗೆ ಇಲ್ಲದಿದ್ದ ಜ್ಞಾನವನ್ನು ಅವರಿಗೆ ಆರೋಪಿಸಿದಂತಾಗುತ್ತದೆ, ಬೇರೆ ರೋಗಗಳಿಂದ ನಡುಗಿ ಸತ್ತವರೂ ಒಂದೇ ಲೆಕ್ಕಕ್ಕೆ ಸೇರಿಹೋಗುತ್ತಾರೆ. ಅಂಥ ಕಡೆಗಳಲ್ಲಿ ‘ಚಳಿಜ್ವರ’ವೆಂಬ ಹಳೆಯ ಮಾತನ್ನೇ ಉಳಿಸಿಕೊಳ್ಳುವುದು ಚರಿತ್ರೆಗೆ ಹೆಚ್ಚು ನಿಷ್ಠವಾದುದು.