ಓಟ ಮುಗಿದ ಪ್ರಾಣಿಗಳ ಮುಪ್ಪು

ಮಂಗಳೂರು ನಗರದಲ್ಲಿ ಕದ್ರಿ ಕಂಬಳವೆಂಬ ಬಡಾವಣೆಯೊಂದುಂಟು. ಇಂದು ಅಲ್ಲಿ ಮನೆಗಳೂ ಅಂಗಡಿಗಳೂ ತುಂಬಿವೆ. ಆದರೂ ಆ ಹೆಸರು ಕದ್ರಿಯ ಮಂಜುನಾಥ ದೇವಾಲಯದ ನೆರೆಯ ಗದ್ದೆಯಲ್ಲಿ ನಡೆದ ಕೋಣಗಳ ಓಟವನ್ನು ನೆನಪಿಗೆ ತರುತ್ತದೆ. ಊರುಗಳು ಓಟದ ನೆನಪನ್ನು ಹೀಗೆ ಹೆಸರಿನಲ್ಲಿ ಉಳಿಸಿಕೊಳ್ಳುವುವು. ಓಡಿದ ಪ್ರಾಣಿ ಮುಂದೆ ಏನಾಯಿತೆಂಬುದನ್ನು ಬರೆದಿಟ್ಟವರು ಮಾತ್ರ ವಿರಳ. ಪಂದ್ಯಕ್ಕಾಗಿ ಓಡಿ ಮುದಿಯಾದ ಕುದುರೆಗಳ ಪಾಲನೆಯ ವಿಚಾರವು ಈಚೆಗೆ ಹಲವು ದೇಶಗಳಲ್ಲಿ ಚರ್ಚೆಗೆ ಬಂದಿದೆ. ಅದೇ ಪ್ರಶ್ನೆಯನ್ನು ನಮ್ಮ ಕರಾವಳಿಯ ಕೋಣಗಳ ವಿಷಯದಲ್ಲಿಯೂ ಕೇಳಿ, ಚರಿತ್ರೆಯು ಯಾವ ಉತ್ತರ ಕೊಡುತ್ತದೆಂಬುದನ್ನು ನಾವು ಇಂದು ವಿಚಾರ ಮಾಡೋಣ.

ಮೊದಲು ಕುದುರೆಯ ಮಾತು. ಒಳ್ಳೆಯ ತಳಿಯ ಕುದುರೆ ನಮ್ಮ ತೀರಕ್ಕೆ ಹಡಗಿನಲ್ಲಿ ಬಂದ ಪ್ರಾಣಿ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಇಬನ್ ಬತೂತನು, ಪಾರಸಿಕ ಮತ್ತು ಯೆಮೆನ್ ದೇಶಗಳ ವರ್ತಕರು ಈ ಬಂದರಿನಲ್ಲಿ ಇಳಿಯುತ್ತಿದ್ದರೆಂದು ಬರೆದಿದ್ದಾನೆ. ವಿಜಯನಗರದ ಅರಸರು ಕರಾವಳಿಯನ್ನು ಬಾರಕೂರು, ಮಂಗಳೂರು ಎಂಬ ರಾಜ್ಯಗಳಾಗಿ ಆಳುತ್ತಿದ್ದ ಕಾಲದಲ್ಲಿ, ಅವರ ದಂಡಿನ ಬಲವೆಲ್ಲ ಕಡಲಾಚೆಯ ಕುದುರೆಗಳನ್ನು ಅವಲಂಬಿಸಿತ್ತು. ಸಾಳುವ ನರಸಿಂಹನು (೧೪೮೫-೧೪೯೧) ಓರ್ಮುಜ್, ಏಡನ್‌ಗಳಿಂದ ಕುದುರೆಗಳನ್ನು ತರಿಸುತ್ತಿದ್ದ ಬಗೆಯನ್ನು ಪೋರ್ಚುಗೀಸ ವರ್ತಕನಾದ ನೂನಿಜನು ಹದಿನಾರನೆಯ ಶತಮಾನದಲ್ಲಿ ವರ್ಣಿಸಿದ್ದಾನೆ. ಮೂರು ಕುದುರೆಗಳಿಗೆ ಸಾವಿರ ಪರ್ದಾವುಗಳು ಬೆಲೆ. ಅವು ಜೀವಂತವಾಗಿ ಬಂದರೂ ಸರಿ, ಸತ್ತು ಬಂದರೂ ಸರಿ. ದಾರಿಯಲ್ಲಿ ಸಮುದ್ರದಲ್ಲೇ ಸತ್ತ ಕುದುರೆಗೆ ಅದರ ಬಾಲವನ್ನು ತಂದು ತೋರಿಸಿದರೆ ಸಾಕು, ಪೂರ್ಣ ಹಣ ಸಲ್ಲುತ್ತಿತ್ತು! ಬಾಲಕ್ಕೂ ಬೆಲೆ ಕಟ್ಟಿದ ಈ ಲೆಕ್ಕದಲ್ಲಿ, ಬದುಕಿ ಉಳಿದು ಮುದಿಯಾದ ಕುದುರೆಯ ಗತಿ ಏನೆಂಬುದಕ್ಕೆ ಒಂದು ಸಾಲೂ ಇಲ್ಲ.

ಇದಕ್ಕೂ ಇನ್ನೂರು ವರ್ಷ ಮೊದಲು, ನೆರೆಯ ಪಾಂಡ್ಯರ ತೀರವನ್ನು ಕಂಡ ಮಾರ್ಕೊ ಪೋಲೊ ಇನ್ನೂ ಕಹಿಯಾದ ಸಂಗತಿಯನ್ನು ತಿಳಿಸುತ್ತಾನೆ. ಅಲ್ಲಿಗೆ ವರ್ಷವರ್ಷವೂ ಸಾವಿರಾರು ಕುದುರೆಗಳು ಬರುತ್ತಿದ್ದುವು; ಸರಿಯಾದ ಆರೈಕೆಯಿಲ್ಲದೆ ಅವುಗಳಲ್ಲಿ ಹೆಚ್ಚಿನವು ವರ್ಷದೊಳಗೇ ಸಾಯುತ್ತಿದ್ದುವು. ಲಾಳ ಕಟ್ಟಿ ಕುದುರೆಗಳಿಗೆ ಚಿಕಿತ್ಸೆ ಮಾಡಬಲ್ಲವರು ಆ ದೇಶಕ್ಕೆ ಹೋಗದಂತೆ ಮಾರುವವರೇ ತಡೆಯುತ್ತಿದ್ದರಂತೆ. ಏಕೆಂದರೆ ಕುದುರೆ ಬೇಗ ಸತ್ತಷ್ಟೂ ಅವರಿಗೆ ವ್ಯಾಪಾರ. ಕನ್ನಡನಾಡಿನಲ್ಲಿ ಅಶ್ವವೈದ್ಯದ ತಿಳಿವಳಿಕೆ ಇರಲಿಲ್ಲವೆಂದು ಹೇಳುವಂತಿಲ್ಲ. ಅಭಿನವಚಂದ್ರ, ಪದ್ಮಣಪಂಡಿತ ಮೊದಲಾದವರು ಅದನ್ನು ಕುರಿತು ಕನ್ನಡದಲ್ಲಿಯೇ ಗ್ರಂಥಗಳನ್ನು ರಚಿಸಿದ್ದಾರೆ. ಆದುದರಿಂದ ಕೊರತೆಯಿದ್ದುದು ವಿದ್ಯೆಯಲ್ಲಿ ಅಲ್ಲ. ಕೆಲಸ ಮುಗಿದ ಮೇಲೆಯೂ ಪ್ರಾಣಿಯು ತನ್ನ ಹೊಣೆಯೇ ಎಂಬ ಭಾವನೆಯಲ್ಲಿ.

ಮುಂದೆ ಯುದ್ಧದ ಕುದುರೆಯ ಜೊತೆಗೆ ಪಂದ್ಯದ ಕುದುರೆಯೂ ನಮ್ಮ ನಾಡಿಗೆ ಬಂದಿತು. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆಗಳನ್ನು ಸಾಕುತ್ತಿದ್ದ ಕುಣಿಗಲಿನಲ್ಲಿ ಕಾಲಕ್ರಮದಲ್ಲಿ ಪಂದ್ಯದ ಕುದುರೆಗಳು ಬೆಳೆದುವು. ೧೮೯೧ರಲ್ಲಿ ಮೈಸೂರಿನ ಕುದುರೆಪಂದ್ಯದ ಸಂಘ ಸ್ಥಾಪಿತವಾಯಿತು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಪಂದ್ಯದ ಕುದುರೆ ಎರಡನೆಯ ವಯಸ್ಸಿನಲ್ಲಿಯೇ ಓಡತೊಡಗುತ್ತದೆ. ಬಹುಪಾಲು ಕುದುರೆಗಳ ಓಟ ಎಂಟು ಹತ್ತು ವರ್ಷಗಳೊಳಗೆ ಮುಗಿಯುತ್ತದೆ. ಅದರ ಆಯುಸ್ಸಾದರೋ ಇಪ್ಪತ್ತೈದು ವರ್ಷಗಳವರೆಗೂ ಇರಬಹುದು. ಎಂದರೆ, ನಾವು ಕುದುರೆಯ ಜೀವನವೆಂದು ತಿಳಿದಿರುವುದು ಅದರ ಜೀವನದ ಸಣ್ಣ ಭಾಗ ಮಾತ್ರ. ಒಳ್ಳೆಯ ಹೆಣ್ಣು ಕುದುರೆಗೆ ಮರಿಹಾಕುವ ಕೆಲಸವಿರುತ್ತದೆ. ಬೀಜ ಒಡೆದ ಗಂಡಿಗೆ ಅದೂ ಇಲ್ಲ. ಅದು ಸವಾರಿಯ ಶಾಲೆಗೋ, ಮದುವೆಯ ಮೆರವಣಿಗೆಗೋ, ಬಂಡಿಗೋ ಕೈಯಿಂದ ಕೈಗೆ ಮಾರಲ್ಪಡುತ್ತ ಹೋಗುತ್ತದೆ.

ಹೀಗೆ ಕೈ ಬದಲಾಗುವುದರ ಫಲವೇನೆಂಬುದಕ್ಕೆ ಒಂದು ದೃಷ್ಟಾಂತ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರಿನದೂ ಒಂದೆಂಬುದು ವಾಚಕರಿಗೆ ತಿಳಿದದ್ದೇ. ಅದೇ ಸೀಮೆಯಲ್ಲಿ ಹೋರಾಡಿದ ಬ್ರಿಟಿಷ್ ಸೈನ್ಯದ ಅನೇಕ ಕುದುರೆಗಳನ್ನು ಯುದ್ಧ ಮುಗಿದ ಬಳಿಕ ಈಜಿಪ್ಟಿನಲ್ಲಿ ಮಾರಿಬಿಟ್ಟರು. ೧೯೩೦ರಲ್ಲಿ ಕೈರೋ ನಗರಕ್ಕೆ ಬಂದ ಡೊರೊಥಿ ಬ್ರೂಕ್ ಎಂಬ ಮಹಿಳೆ, ಆ ಕುದುರೆಗಳು ಮೂಳೆ ಚಕ್ಕಳವಾಗಿ ಕಲ್ಲುಬಂಡಿಗಳನ್ನು ಎಳೆಯುತ್ತಿದ್ದುದನ್ನು ಕಂಡಳು. ಆಕೆ ಪತ್ರಿಕೆಗೆ ಪತ್ರ ಬರೆದು, ಜನರಿಂದ ಹಣ ಕೂಡಿಸಿ, ಐದು ಸಾವಿರದಷ್ಟು ಪ್ರಾಣಿಗಳನ್ನು ಕೊಂಡು ಬಿಡಿಸಿದಳು. ೧೯೩೪ರಲ್ಲಿ ಅಲ್ಲಿಯೇ ಒಂದು ಆಸ್ಪತ್ರೆಯನ್ನು ತೆರೆದಳು. ಬಹುಮಟ್ಟಿನ ಕುದುರೆಗಳಿಗೆ ಆಕೆ ಕೊಡಲು ಸಾಧ್ಯವಾದದ್ದು ಕೆಲವು ದಿನಗಳ ವಿಶ್ರಾಂತಿ ಮತ್ತು ನೋವಿಲ್ಲದ ಮರಣ, ಇಷ್ಟೇ.

ಇನ್ನು ನಮ್ಮ ಕೋಣಗಳ ಕಡೆಗೆ ಬರೋಣ. ಕಂಬಳದ ಕೋಣ ಹಡಗಿನಲ್ಲಿ ಬಂದುದಲ್ಲ; ಅದು ಮನೆಯ ಹಟ್ಟಿಯದು. ಕಂಬಳದ ಕರೆಯಲ್ಲಿ ಅದನ್ನು ಕೂಗಿ ಕರೆಯುವುದೂ ಊರು ಮತ್ತು ಮನೆತನದ ಹೆಸರಿನಿಂದಲೇ. ಗಂತಿನಿಂದ ಹೊರಟು ಮಂಜೊಟ್ಟಿಯನ್ನು ಮುಟ್ಟಿದ ಜೋಡಿಯ ಗೆಲವು ಆ ಮನೆಯ ಗೆಲವು. ಹಲ್ಲು ನೋಡಿ ವಯಸ್ಸನ್ನು ಗೊತ್ತುಮಾಡಿ, ಹಿರಿಯ ಕಿರಿಯ ಎಂದು ವಿಭಾಗಿಸಿ ಓಡಿಸುವ ಪದ್ಧತಿಯೂ ಇದೆ. ಹುರುಳಿ ಬೇಯಿಸಿ ಹಾಕಿ, ಮೈಗೆ ಎಣ್ಣೆ ತಿಕ್ಕಿ, ಮಕ್ಕಳಂತೆ ಸಾಕುವ ಮನೆಗಳುಂಟು. ಹೆಸರು ಮಾಡಿದ ಕೋಣವನ್ನು ಓಟ ನಿಂತ ಮೇಲೆಯೂ ಹಟ್ಟಿಯಲ್ಲಿ ಇಟ್ಟುಕೊಂಡು, ಸತ್ತಾಗ ತಮ್ಮ ನೆಲದಲ್ಲಿಯೇ ಮಣ್ಣುಮಾಡಿದ ಮನೆಗಳೂ ಉಂಟು. ಕುದುರೆಯ ಚರಿತ್ರೆಯಲ್ಲಿ ನಮಗೆ ಕಾಣದಿದ್ದ ಹೊಣೆಗಾರಿಕೆ ಇಲ್ಲಿ ಕಟ್ಟಳೆಯಿಲ್ಲದೆಯೇ ನಡೆದು ಬಂದಿತು.

ಆದರೆ ಇಷ್ಟಕ್ಕೆ ತೃಪ್ತಿಪಡುವಂತಿಲ್ಲ. ಹಿಂದೆ ಗದ್ದೆ ಉಳುತ್ತಿದ್ದ ಕೋಣವೇ ವರ್ಷಕ್ಕೊಮ್ಮೆ ಕಂಬಳದಲ್ಲಿ ಓಡುತ್ತಿತ್ತು. ಉಳುಮೆ ಅದರ ಅನ್ನಕ್ಕೆ ಆಧಾರವಾಗಿತ್ತು. ಈಗ ಉಳುವುದಕ್ಕೆ ಯಂತ್ರ ಬಂದಿದೆ. ಓಟಕ್ಕೆಂದೇ ಸಾಕಿದ ಕೋಣ ದೊಡ್ಡ ಬೆಲೆಗೆ ಕೈ ಬದಲಾಗುತ್ತದೆ. ಮನೆಯ ಕೋಣ ಮಾರಾಟದ ಕೋಣವಾದರೆ, ಅದರ ದಾರಿ ಕುದುರೆಯ ದಾರಿಯೇ.

ಕಾನೂನು ಇಲ್ಲಿ ಏನು ಮಾಡಿದೆ? ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೪ರ ಮೇ ೭ರಂದು ಕೊಟ್ಟ ತೀರ್ಪು, ೨೦೧೬ರಲ್ಲಿ ಕಂಬಳಕ್ಕೆ ಉಚ್ಚ ನ್ಯಾಯಾಲಯದಿಂದ ಬಂದ ತಡೆ, ೨೦೧೭ರ ಸುಗ್ರೀವಾಜ್ಞೆ, ೨೦೧೮ರ ತಿದ್ದುಪಡಿ, ಕೊನೆಗೆ ೨೦೨೩ರ ಮೇ ೧೮ರಂದು ಆ ತಿದ್ದುಪಡಿಯನ್ನು ಎತ್ತಿಹಿಡಿದ ಸಂವಿಧಾನಪೀಠ: ಒಂಬತ್ತು ವರ್ಷಗಳ ಈ ವಾದದಲ್ಲಿ ಜನರ ಬಾಯಲ್ಲಿದ್ದುದು ಕರೆಯ ಮಾತು, ಬೆತ್ತದ ಮಾತು. ಮುಪ್ಪಿನ ಮಾತು ಬರಲಿಲ್ಲ. ೧೯೬೦ರ ಪ್ರಾಣಿಹಿಂಸೆ ತಡೆಯ ಕಾಯಿದೆಯಂತೆ ಪ್ರಾಣಿಯನ್ನು ಹಸಿವಿಗೆ ಗುರಿಯಾಗುವಂತೆ ತೊರೆದುಬಿಡುವುದು ಅಪರಾಧವೇ ಸರಿ. ಆದರೆ ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಕರ್ನಾಟಕದ ೨೦೨೦ರ ಗೋಹತ್ಯಾ ಪ್ರತಿಬಂಧಕ ಶಾಸನವು ಕೋಣ ಎಮ್ಮೆಗಳನ್ನು ಕಾಪಾಡುವುದು ಅವುಗಳಿಗೆ ಹದಿಮೂರು ವರ್ಷ ತುಂಬುವವರೆಗೆ. ಕೋಣವಾದರೋ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಕರೆಯಲ್ಲಿ ಕೀರ್ತಿ ತಂದ ಪ್ರಾಣಿಗೆ ರಕ್ಷಣೆ ಬೇಕಾಗುವ ವಯಸ್ಸಿಗೇ ಶಾಸನದ ರಕ್ಷಣೆ ಮುಗಿಯುತ್ತದೆಂಬುದು ವಿಚಾರಶೀಲರು ಯೋಚಿಸತಕ್ಕ ಸಂಗತಿ.

ದುಡಿಯದ ಕೋಣಕ್ಕೆ ಹುಲ್ಲು ಹಿಂಡಿ ಹಾಕುವುದು ಎಲ್ಲ ಒಕ್ಕಲಿಗೂ ಸುಲಭವಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಆ ಭಾರವನ್ನು ಒಬ್ಬನ ತಲೆಗೆ ಕಟ್ಟುವುದು ನಮ್ಮ ಅಭಿಪ್ರಾಯವಲ್ಲ. ಬ್ರಿಟನ್ನಿನ ಪಂದ್ಯಪ್ರಪಂಚವು ೨೦೦೦ದಲ್ಲಿ, ಓಟ ಬಿಟ್ಟ ಕುದುರೆಗಳಿಗೆ ಬೇರೆ ಕೆಲಸ ಕಲಿಸಿ ನೆಲೆ ಒದಗಿಸುವ ಸಂಸ್ಥೆಯನ್ನು ಕಟ್ಟಿತು. ಓಟದಿಂದ ಬಂದ ಹಣವೇ ಓಡಿದವರ ಮುಪ್ಪಿಗೂ ಒದಗಬೇಕೆಂಬುದು ಅದರ ತಾತ್ಪರ್ಯ. ನಮ್ಮ ಕಂಬಳ ಸಮಿತಿಗಳೂ ಬಹುಮಾನದ ಚಿನ್ನದೊಂದಿಗೆ ಮುಪ್ಪಿನ ಹುಲ್ಲಿಗಾಗಿ ಒಂದು ಪಾಲನ್ನು ತೆಗೆದಿಡಬಹುದು. ಓಡಿದ ಪ್ರತಿಯೊಂದು ಕೋಣದ ಹೆಸರಿನ ಮುಂದೆ, ಅದು ಈಗ ಯಾರ ಹಟ್ಟಿಯಲ್ಲಿದೆಯೆಂಬುದನ್ನು ವರ್ಷವರ್ಷವೂ ಬರೆದಿಡಬಹುದು. ಸಾಳುವ ನರಸಿಂಹನ ಲೆಕ್ಕದವರು ಬಾಲವನ್ನು ಎಣಿಸಿದರು. ನಾವು ಪ್ರಾಣಿಯನ್ನೇ ಎಣಿಸಿದೆವೆಂದು ಮುಂದಿನವರು ಹೇಳುವಂತಾದರೆ, ಕಂಬಳದ ಕೀರ್ತಿಗೆ ಅದಕ್ಕಿಂತ ದೊಡ್ಡ ಪದಕ ಬೇಕಾಗಲಾರದು.