ಇಕ್ಕೇರಿಯ ವನದುರ್ಗವೂ ಕಾಲ್ದಾರಿಗಳೂ

ರಾಜ್ಯಗಳ ಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಲಗಳನ್ನೂ ಶಾಸನನಾಣ್ಯಗಳನ್ನೂ ಯುದ್ಧಸಂಧಿಗಳನ್ನೂ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಜನರು ತಲೆತಲಾಂತರದಿಂದ ತುಳಿದು ಮಾಡಿದ ಕಾಲ್ದಾರಿಗಳನ್ನಾಗಲಿ, ಆ ದಾರಿಗಳಿಗೆ ನೆರಳಿತ್ತ ಮರಗಳನ್ನಾಗಲಿ ಚರಿತ್ರೆಯ ಸಾಧನಗಳೆಂದು ಎಣಿಸುವವರು ವಿರಳ. ಆದರೆ ನಮ್ಮ ಸೀಮೆಯ ಇಕ್ಕೇರಿಯ ಮಟ್ಟಿಗೆ ಹೇಳುವುದಾದರೆ, ಮರ, ಕೆರೆ, ದಾರಿ ಇವು ಮೂರನ್ನು ಬಿಟ್ಟರೆ ಆ ರಾಜಧಾನಿಯ ಸ್ವರೂಪವೇ ತಿಳಿಯದೆ ಹೋಗುತ್ತದೆ. ಈ ಮಾತನ್ನು ಸಮರ್ಥಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕೆಳದಿಯ ಅರಸರು 16ನೆಯ ಶತಮಾನದಲ್ಲಿ ಕೆಳದಿಯಿಂದ ಇಕ್ಕೇರಿಗೂ, 1639ರ ಸುಮಾರಿಗೆ ಇಕ್ಕೇರಿಯಿಂದ ಬಿದನೂರಿಗೂ ರಾಜಧಾನಿಯನ್ನು ಬದಲಿಸಿದರೆಂಬುದು ವಾಚಕರಿಗೆ ತಿಳಿದುದೇ. ಇಕ್ಕೇರಿಯು ಉಚ್ಛ್ರಾಯಸ್ಥಿತಿಯಲ್ಲಿದ್ದಾಗ, ಎಂದರೆ 1623ನೆಯ ಇಸವಿಯಲ್ಲಿ, ರೋಮಾಪುರಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಯಾತ್ರಿಕನು ಅಲ್ಲಿಗೆ ಬಂದನು. ಹಿರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸರ ರಾಯಭಾರಿಯ ಜತೆಯಲ್ಲಿ ಆತನು ಗೋವೆಯಿಂದ ಹೊನ್ನಾವರಕ್ಕೆ ಸಮುದ್ರಮಾರ್ಗವಾಗಿಯೂ, ಅಲ್ಲಿಂದ ಗೇರುಸೊಪ್ಪೆಗೆ ಹೊಳೆಯ ಮೇಲೆಯೂ ಬಂದು, ಆಮೇಲೆ ಘಟ್ಟವನ್ನು ಹತ್ತಿದನು. ತಾನು ಕಂಡುದನ್ನೆಲ್ಲ ಸ್ನೇಹಿತನಿಗೆ ಪತ್ರರೂಪವಾಗಿ ಬರೆದಿಟ್ಟಿರುವುದರಿಂದ, ಆ ಕಾಲದ ಇಕ್ಕೇರಿಯನ್ನು ನಾವು ಇಂದಿಗೂ ಮನಸ್ಸಿನಲ್ಲಿ ನಡೆದುನೋಡಬಹುದಾಗಿದೆ.

ಆತನ ವರ್ಣನೆಯ ಸಾರಾಂಶವಿಷ್ಟು: ಊರು ಸಮತಟ್ಟಾದ ಬಯಲಿನಲ್ಲಿತ್ತು. ಒಳಹೋಗುವವರು ಮೂರು ಬಾಗಿಲುಗಳನ್ನು ದಾಟಬೇಕಾಗಿತ್ತು. ಮೊದಲನೆಯ ಆವರಣವು ಕಲ್ಲಿನ ಗೋಡೆಯಲ್ಲ, ಒತ್ತಾಗಿ ಬೆಳೆಯಿಸಿದ ಎತ್ತರವಾದ ಬಿದಿರುಮೆಳೆ. ಮಿಕ್ಕೆರಡು ಸಾಧಾರಣವಾದ ಗೋಡೆಗಳು. ಮನೆಗಳು ಒಂದಕ್ಕೊಂದು ದೂರವಾಗಿದ್ದವು. ಉದ್ದವೂ ಅಗಲವೂ ಆದ ಬೀದಿಗಳಲ್ಲಿ ಕೆಲವಕ್ಕೆ ದೊಡ್ಡ ಮರಗಳ ನೆರಳಿತ್ತು. ನಡುನಡುವೆ ಕೆರೆಗಳು, ಹೊಲಗಳು, ತೋಪುಗಳು. ಊರೆಲ್ಲಿ ಮುಗಿಯಿತು, ಕಾಡೆಲ್ಲಿ ಮೊದಲಾಯಿತು ಎಂದು ಹೇಳಲಾಗದ ಹಾಗೆ ಎಲ್ಲವೂ ಬೆರೆತು ನೋಟಕ್ಕೆ ಮನೋಹರವಾಗಿತ್ತೆಂದು ಆತನು ಮೆಚ್ಚಿಕೊಂಡಿದ್ದಾನೆ. ಮನೆಗಳ ಕಟ್ಟಡವನ್ನು ಹೀನೈಸಿದ ವಿದೇಶೀಯನು ಊರಿನ ಮರಗಳನ್ನೂ ನೀರನ್ನೂ ಹೊಗಳಿದನೆಂಬುದು ಗಮನಾರ್ಹ.

ಇದು ಅರಸರ ಬಡತನದಿಂದಾದುದಲ್ಲ. ಅವರು ಕಲ್ಲಿನಲ್ಲಿ ಕಟ್ಟಿಸಬಲ್ಲವರೆಂಬುದಕ್ಕೆ ಅಘೋರೇಶ್ವರನ ದೇವಾಲಯವೇ ಸಾಕ್ಷಿ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ದುರ್ಗಗಳನ್ನು ಆರು ಬಗೆಯಾಗಿ ವಿಂಗಡಿಸುವಾಗ ಗಿರಿದುರ್ಗ, ಜಲದುರ್ಗಗಳ ಜತೆಯಲ್ಲಿ ವಾರ್ಕ್ಷದುರ್ಗವನ್ನೂ, ಎಂದರೆ ಮರಗಳಿಂದಲೇ ಆದ ದುರ್ಗವನ್ನೂ ಹೇಳಿದೆ. ಇಕ್ಕೇರಿಯ ಬಿದಿರಿನ ಆವರಣವು ಈ ಲಕ್ಷಣಕ್ಕೆ ಚೆನ್ನಾಗಿ ಹೊಂದುತ್ತದೆ. ಅಲ್ಲದೆ, ಆ ರಾಜ್ಯದ ಐಶ್ವರ್ಯಕ್ಕೂ ಕಾಡೇ ಮೂಲ. ಪೋರ್ಚುಗೀಸರು ಅರಸನಲ್ಲಿಗೆ ರಾಯಭಾರ ಕಳುಹುತ್ತಿದ್ದುದಕ್ಕೆ ಮುಖ್ಯ ಕಾರಣಗಳಲ್ಲೊಂದು ಮೆಣಸಿನ ವ್ಯಾಪಾರ. ಆ ಮೆಣಸಿನ ಬಳ್ಳಿ ಹಬ್ಬಿದ್ದುದು ನಮ್ಮ ಮಲೆನಾಡಿನ ಕಾನುಗಳ ಮರಗಳ ಮೇಲೆ. ಬೇಕಾದ ಮರವನ್ನು ಉಳಿಸಿ, ಬಳ್ಳಿಯನ್ನು ಹಬ್ಬಿಸಿ, ದೇವರ ಹೆಸರಿನಲ್ಲಿ ಕೊಡಲಿಗೆ ತಡೆಯೊಡ್ಡಿ ಜನರು ಕಾಪಾಡಿಕೊಂಡು ಬಂದ ಕಾಡೇ ಕಾನು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬಿಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಮೇಲೆ ಪ್ರತ್ಯೇಕವಾದೊಂದು ವರದಿಯನ್ನೇ ಬರೆಯಬೇಕಾಗಿ ಬಂದಿತೆಂದ ಮೇಲೆ ಅವುಗಳ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ.

ದೆಲ್ಲಾ ವಾಲೆಯ ಪ್ರಯಾಣದಲ್ಲಿ ಉಪಾಧ್ಯಾಯವೃತ್ತಿಯವರಿಗೆ ಹರ್ಷವನ್ನುಂಟುಮಾಡುವ ಪ್ರಸಂಗವೊಂದುಂಟು. ಇಕ್ಕೇರಿಯನ್ನು ಮುಟ್ಟುವುದಕ್ಕೆ ಮುಂಚೆ, ಹೊರೆಗಳನ್ನು ಅಣಿಮಾಡುತ್ತಿದ್ದಾಗ, ಆತನು ದಾರಿಯ ದೇವಸ್ಥಾನದ ಜಗಲಿಯಲ್ಲಿ ಕೆಲವು ಹುಡುಗರು ಪಾಠವೊಪ್ಪಿಸುತ್ತಿದ್ದುದನ್ನು ಕಂಡನು. ಅವರು ಲೆಕ್ಕವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ಗುರುವಿಲ್ಲದೆಯೂ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತಿದ್ದರು. ನಡೆದು ಹೋಗುವವನಿಗಲ್ಲದೆ ಇಂಥದು ಕಣ್ಣಿಗೆ ಬೀಳುವುದೆಂತು?

ಮರದ ಕೋಟೆಗೂ ಮಿತಿಯುಂಟು. 1637-38ರ ಸುಮಾರಿಗೆ ವಿಜಾಪುರದ ರಣದುಲ್ಲಾಖಾನನ ಸೈನ್ಯವು ಇಕ್ಕೇರಿಯ ಮೇಲೆ ಬಿದ್ದಾಗ ಬಯಲಿನ ಊರು ನಿಲ್ಲಲಾರದೆ ಹೋಯಿತು. ವೀರಭದ್ರನಾಯಕನ ಕಾಲದಲ್ಲಿ ರಾಜಧಾನಿಯು ಬೆಟ್ಟಗಳ ನಡುವಣ ಬಿದನೂರಿಗೆ ಹೋಯಿತು. ಆದರೆ ಅದನ್ನೂ ಕೊನೆಗೆ ಕೆಡಿಸಿದುದು ಒಂದು ಕಾಲ್ದಾರಿಯೇ! 1763ರಲ್ಲಿ ದಂಡೆತ್ತಿ ಬಂದ ಹೈದರಾಲಿಗೆ, ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣನು ಕಾಡಿನೊಳಗಣ ಗುಪ್ತಮಾರ್ಗವನ್ನು ತೋರಿಸಿಕೊಟ್ಟನೆಂದು ಇತಿಹಾಸಕಾರನಾದ ವಿಲ್ಕ್ಸನು ಬರೆದಿದ್ದಾನೆ. ಹೆಬ್ಬಾಗಿಲಿನಲ್ಲಿ ಕಾಳಗದ ನಟನೆ ನಡೆಯುತ್ತಿರಲು, ಹೈದರನು ಆ ದಾರಿಯಿಂದ ಒಳನುಗ್ಗಿ ಊರನ್ನು ಹಿಡಿದನು. ದಾರಿಯನ್ನು ಬಲ್ಲವನೇ ಬಲ್ಲಿದನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನು ಈಗಿನ ಸ್ಥಿತಿ. ಕವಲೇದುರ್ಗದ ಕಲ್ಲುಹಾಸಿನ ದಾರಿಯನ್ನು ಬಾಗಿಲ ಮೇಲೆ ಬಾಗಿಲು ದಾಟಿ ಏರುವುದಕ್ಕೆ ಮೊಣಕಾಲಿನ ಬಲ ಬೇಕು. ಇಕ್ಕೇರಿಯಲ್ಲಾದರೋ ವೃದ್ಧರೂ ಮಕ್ಕಳೂ ಆಯಾಸವಿಲ್ಲದೆ ನಡೆಯಬಹುದು. ಸಾಗರದಿಂದ ದಕ್ಷಿಣಕ್ಕೆ 3-4 ಮೈಲಿಯ ದಾರಿ, ಏರಿಳಿತ ಅಲ್ಪ. ಮಳೆ ನಿಂತ ಮೇಲೆ, ಮಾರ್ಗಶಿರ ಪುಷ್ಯಗಳ ಮುಂಜಾವು, ಇದಕ್ಕೆ ತಕ್ಕ ಕಾಲ. ಅರಮನೆಯು ಮಣ್ಣು ಮರಗಳಿಂದ ಕಟ್ಟಿದುದಾದ್ದರಿಂದ ಉಳಿಯಲಿಲ್ಲ. ದೇವಾಲಯದೊಳಗೆ, ಗರ್ಭಗೃಹದ ಮುಂದಣ ನೆಲದಲ್ಲಿ, ಸಾಷ್ಟಾಂಗವೆರಗಿದ ಮೂವರು ಕೆಳದಿಯ ಪ್ರಭುಗಳ ರೂಪಗಳನ್ನು ಹೆಸರು ಸಮೇತವಾಗಿ ಕೆತ್ತಿದೆ. ನಡುಗಂಬಗಳ ಅಂತರವು 18 ಅಡಿ 6 ಅಂಗುಲವೆಂದೂ, ಅದೇ ತೋಟದ ಜಮೀನಿನ ಅಳತೆಗೋಲಾಗಿತ್ತೆಂದೂ ರೈಸ್ ಮಹಾಶಯರು ಗೆಜೆಟಿಯರಿನಲ್ಲಿ ಬರೆದಿರುವರು. ದೇವಾಲಯದ ಕಂಬವು ಅಡಕೆಯ ತೋಟಕ್ಕೆ ಮಾನವಾದುದನ್ನು ನೋಡಿದರೆ, ಕಲ್ಲಿಗೂ ಹಸುರಿಗೂ ಆ ಕಾಲದವರು ಭೇದವೆಣಿಸಿರಲಿಲ್ಲವೆಂದು ತೋರುತ್ತದೆ.

ನಾವಾದರೋ ಭೇದವೆಣಿಸಿದ್ದೇವೆ. ದೇವಾಲಯವು ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರಲ್ಲಿ ತಿದ್ದುಪಡಿಯಾದ ಶಾಸನದಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನವರೆಗೆ ಹೊಸ ಕಟ್ಟಡವು ನಿಷಿದ್ಧ, ಅದರಾಚೆಯ 200 ಮೀಟರು ನಿಯಂತ್ರಿತ. ಇದು ಯುಕ್ತವೇ. ಆದರೆ ದೆಲ್ಲಾ ವಾಲೆಯು ಮೆಚ್ಚಿದ ಇಕ್ಕೇರಿಯು ಈ 300 ಮೀಟರಿನಲ್ಲಿ ಅಡಗತಕ್ಕುದಲ್ಲ. ಕಟ್ಟಡವನ್ನು ತಡೆಯುವ ಈ ನಿಯಮವು ಹಳೆಯ ಕೆರೆಯ ಹೂಳನ್ನು ತೆಗೆಯದು, ದಾರಿಬದಿಯ ಮುದಿಮರವನ್ನು ಕಾಯದು. ಗುಡಿಯೊಂದನ್ನು ಉಳಿಸಿ ಕೆರೆ, ತೋಪು, ದಾರಿಗಳನ್ನು ಅಳಿಯಬಿಟ್ಟರೆ ಪೀಠವನ್ನುಳಿಸಿ ಮೂರ್ತಿಯನ್ನು ಕಳೆದುಕೊಂಡಂತೆ. ಶರಾವತಿಯ ಕಣಿವೆಯ ಎಷ್ಟೋ ಗ್ರಾಮಗಳು ತಮ್ಮ ದಾರಿಗಳೊಡನೆ ಲಿಂಗನಮಕ್ಕಿಯ ನೀರಿನಡಿಯಲ್ಲಿ 1964ರಲ್ಲಿ ಮುಳುಗಿದವು. ಅದು ನಾಡಿನ ಬೆಳಕಿಗಾಗಿ ತೆತ್ತ ಬೆಲೆ. ನಡೆಯುವವರಿಲ್ಲದ ಕಾರಣ ದಾರಿ ಅಳಿದರೆ ಯಾವ ಪ್ರಯೋಜನಕ್ಕೆಂದು ಹೇಳೋಣ?

ಇದಕ್ಕೆ ದೊಡ್ಡ ದ್ರವ್ಯವೇನೂ ಬೇಕಾಗಿಲ್ಲ. ಗ್ರಾಮದ ನಕ್ಷೆಗಳಲ್ಲಿ ಕಾಲುದಾರಿ, ಬಂಡಿದಾರಿ, ಕೆರೆಗಳನ್ನು ಗುರುತು ಮಾಡಿರುವುದುಂಟು. ಪ್ರತಿಯೊಂದು ವಿದ್ಯಾವಂತ ಕುಟುಂಬದವರೂ ತಮ್ಮೂರಿನ ನಕ್ಷೆಯನ್ನು ಕೈಯಲ್ಲಿ ಹಿಡಿದು, ಮಕ್ಕಳನ್ನು ಕರೆದುಕೊಂಡು, ವರ್ಷಕ್ಕೊಮ್ಮೆಯಾದರೂ ಆ ದಾರಿಗಳನ್ನು ನಡೆದುಬರಲಿ. ಕೆರೆಗೆ, ಕಾನಿಗೆ, ಬನಕ್ಕೆ ಹಿರಿಯರು ಹೇಳುವ ಹೆಸರುಗಳನ್ನು ಮಕ್ಕಳಿಂದಲೇ ಬರೆಯಿಸಲಿ. ಹೆಸರು ಉಳಿದರೆ ಸ್ಥಳವನ್ನು ಕೇಳುವವರಿರುತ್ತಾರೆ, ಕೇಳುವವರಿದ್ದರೆ ಕಾಯುವವರು ಹುಟ್ಟುತ್ತಾರೆ. ಬಿದಿರಿನ ಕೋಟೆಯನ್ನು ಪುನಃ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ; ಅದರೊಳಗೆ ಜನರು ನಡೆದಾಡಿದ ನೆರಳಿನ ದಾರಿಯಲ್ಲಿ ಉಳಿದಷ್ಟನ್ನು ಮುಂದಿನವರಿಗೆ ಒಪ್ಪಿಸಬೇಕೆಂಬುದಿಷ್ಟೇ ನಮ್ಮ ವಿಜ್ಞಾಪನೆ.